ಹಳೆಯ ಬೆಂಜ್, ಬಿಎಂಡಬ್ಲ್ಯು, ಆಡಿ ಕಾರಿನ ಸರ್ವಿಸ್: ಹೈದರಾಬಾದಿನ ಶೋರೂಮೋ, ಪರಿಣತರ ವರ್ಕ್‌ಶಾಪೋ, ಊರಿನ ಗ್ಯಾರೇಜೋ?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಹತ್ತು ಹನ್ನೆರಡು ವರ್ಷ ಓಡಿದ ಬೆಂಜ್, ಬಿಎಂಡಬ್ಲ್ಯು, ಆಡಿ ಕಾರುಗಳು ಈಗ ಅಪರೂಪವೇನಲ್ಲ. ಕೆಲವನ್ನು ಮನೆಯವರೇ ಹೊಸದಾಗಿ ಕೊಂಡು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಇನ್ನು ಕೆಲವು ಹೈದರಾಬಾದ್, ಪುಣೆ, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದಂಥವು. ಕೊಳ್ಳುವಾಗ ಅವು ಹೊಸ ಸಣ್ಣ ಕಾರಿನ ಬೆಲೆಗೆ ಸಿಗಬಹುದು. ಆದರೆ ಕಾರಿನ ಬೆಲೆ ಇಳಿದಂತೆ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ, ಅವುಗಳನ್ನು ಬಿಚ್ಚಿ ಜೋಡಿಸುವ ಕೂಲಿಯೂ ಇಳಿಯುವುದಿಲ್ಲ. ಆದ್ದರಿಂದ ಇಂಥ ಕಾರನ್ನು ಎಲ್ಲಿ ರಿಪೇರಿ ಮಾಡಿಸಬೇಕು ಎಂಬ ತೀರ್ಮಾನವು ಅದನ್ನು ಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನದಷ್ಟೇ ದೊಡ್ಡದು.

ನಮ್ಮ ಭಾಗದವರ ಮುಂದೆ ಮೂರು ದಾರಿಗಳಿವೆ. ಕಂಪನಿಯ ಅಧಿಕೃತ ಸರ್ವಿಸ್‌ಗಾಗಿ ಹೈದರಾಬಾದಿಗೆ ಒಯ್ಯುವುದು ಮೊದಲನೆಯದು. ಅದೇ ನಗರದಲ್ಲಿ, ಶೋರೂಮಿನ ಹೊರಗೆ, ಜರ್ಮನ್ ಕಾರುಗಳನ್ನಷ್ಟೇ ನೋಡುವ ಸ್ವತಂತ್ರ ವರ್ಕ್‌ಶಾಪಿಗೆ ಕೊಡುವುದು ಎರಡನೆಯದು. ಊರಿನಲ್ಲೇ ಎಲ್ಲ ಕಂಪನಿಯ ಗಾಡಿಗಳನ್ನು ನೋಡುವ ಗ್ಯಾರೇಜಿನಲ್ಲಿ ಮಾಡಿಸುವುದು ಮೂರನೆಯದು. ಇವುಗಳಲ್ಲಿ ಒಂದನ್ನೇ ಹಿಡಿದು ಕೂರುವವರು ಹೆಚ್ಚು. ಶೋರೂಮೇ ಆಗಬೇಕೆನ್ನುವವರು ಬ್ರೇಕ್ ಪ್ಯಾಡಿಗೂ ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್ ಓಡಿಸುತ್ತಾರೆ. ಊರಿನ ಮಿಸ್ತ್ರಿಯೇ ಸಾಕೆನ್ನುವವರು ಗೇರ್‌ಬಾಕ್ಸನ್ನೂ ಅವರಿಂದಲೇ ಬಿಚ್ಚಿಸುತ್ತಾರೆ. ನನ್ನ ಖಚಿತ ಅಭಿಪ್ರಾಯವೇನೆಂದರೆ, ಇಡೀ ಕಾರಿಗೆ ಒಂದು ಜಾಗವನ್ನು ಗೊತ್ತುಮಾಡುವುದಕ್ಕಿಂತ ಪ್ರತಿ ಕೆಲಸಕ್ಕೂ ತಕ್ಕ ಜಾಗವನ್ನು ಆರಿಸಬೇಕು, ಮತ್ತು ಆ ಆಯ್ಕೆಯನ್ನು ಮಾಲೀಕರೇ ಮಾಡಬೇಕು.

ಶೋರೂಮಿನಲ್ಲಿ ಸಿಗುವುದೇನು

ಅಧಿಕೃತ ಸರ್ವಿಸ್ ಕೇಂದ್ರದ ನಿಜವಾದ ಬಲ ಅಲ್ಲಿನ ಸ್ವಚ್ಛ ನೆಲವೂ ಅಲ್ಲ, ಕಾಯುವ ಕೋಣೆಯ ಕಾಫಿಯೂ ಅಲ್ಲ. ಕಾರು ತಯಾರಿಸಿದವರ ಕಂಪ್ಯೂಟರ್ ವ್ಯವಸ್ಥೆ. ಮರ್ಸಿಡಿಸ್‌ಗೆ ಕ್ಸೆಂಟ್ರಿ, ಬಿಎಂಡಬ್ಲ್ಯುಗೆ ಇಸ್ಟಾ, ಆಡಿ ಮತ್ತು ಫೋಕ್ಸ್‌ವ್ಯಾಗನ್‌ಗೆ ಓಡಿಸ್ ಎಂಬ ತಂತ್ರಾಂಶಗಳಿವೆ. ಮಾರುಕಟ್ಟೆಯಲ್ಲಿ ಸಿಗುವ ಆಟೆಲ್, ಲಾಂಚ್ ಮುಂತಾದ ಸ್ಕ್ಯಾನರ್‌ಗಳು ದೋಷದ ಕೋಡನ್ನು ಓದುತ್ತವೆ, ಅಳಿಸುತ್ತವೆ, ಹಲವು ಕೆಲಸಗಳನ್ನು ಚೆನ್ನಾಗಿಯೇ ಮಾಡುತ್ತವೆ. ಆದರೆ ಕೋಡ್ ಎನ್ನುವುದು ರೋಗದ ಲಕ್ಷಣ ಮಾತ್ರ. ಆ ಕೋಡ್ ಬಂದಾಗ ಯಾವ ವೈರನ್ನು ಎಲ್ಲಿ ಅಳೆಯಬೇಕು, ಎಷ್ಟು ವೋಲ್ಟ್ ಇರಬೇಕು, ಆ ಮಾದರಿಯಲ್ಲಿ ಅದೇ ದೋಷ ಪದೇ ಪದೇ ಬಂದಿದ್ದರೆ ಕಾರ್ಖಾನೆ ಸೂಚಿಸಿದ ಪರಿಹಾರವೇನು ಎಂಬುದನ್ನು ಹಂತ ಹಂತವಾಗಿ ತೋರಿಸುವುದು ಕಂಪನಿಯ ತಂತ್ರಾಂಶ. ಕೀಲಿ, ಸ್ಟೇರಿಂಗ್ ಲಾಕ್, ಎಂಜಿನ್ ನಿಯಂತ್ರಣ ಘಟಕಗಳಂತೆ ಕಳ್ಳತನ ತಡೆಯುವ ವ್ಯವಸ್ಥೆಗೆ ಸೇರಿದ ಭಾಗಗಳನ್ನು ಹೊಸದಾಗಿ ಹಾಕಿದಾಗ ಕಂಪನಿಯ ಸರ್ವರ್‌ಗೆ ಜೋಡಿಸಿ ಕೋಡಿಂಗ್ (ಹೊಸ ಭಾಗವನ್ನು ಕಾರು ಗುರುತಿಸುವಂತೆ ಹೊಂದಿಸುವ ಕೆಲಸ) ಮಾಡಬೇಕಾದ ಸಂದರ್ಭಗಳೂ ಇವೆ. ಇಂಥ ಕೆಲಸವನ್ನು ಹೊರಗೆ ಮಾಡಿಸಲು ಹೋಗಿ ಕಾರು ತಿಂಗಳುಗಟ್ಟಲೆ ನಿಂತದ್ದನ್ನು ನಾನು ಕಂಡಿದ್ದೇನೆ.

ಎರಡನೆಯ ಕಾರಣ ರೀಕಾಲ್, ಅಂದರೆ ತಯಾರಿಕೆಯ ದೋಷವನ್ನು ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆಸುವುದು. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ವಿಷಯ ಬಹಳ ಜನರಿಗೆ ಗೊತ್ತು. ಅವುಗಳ ಒಳಗಿನ ರಾಸಾಯನಿಕ ವರ್ಷಗಟ್ಟಲೆ ಶಾಖ ಮತ್ತು ತೇವಕ್ಕೆ ಸಿಕ್ಕು ಕೆಟ್ಟಾಗ, ಏರ್‌ಬ್ಯಾಗ್ ಬಿಚ್ಚುವ ಹೊತ್ತಿಗೆ ಲೋಹದ ಚೂರುಗಳು ಸಿಡಿದು ಜೀವ ಹೋದ ಪ್ರಕರಣಗಳು ಹಲವು ದೇಶಗಳಲ್ಲಿ ನಡೆದಿವೆ. ಬೇಸಿಗೆಯಲ್ಲಿ 42, 43 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ ಹಳೆಯ ಕಾರು ಇಟ್ಟುಕೊಂಡವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 17 ಅಕ್ಷರ–ಅಂಕಿಗಳ ಚಾಸಿ ನಂಬರನ್ನು ಅಧಿಕೃತ ಕೇಂದ್ರಕ್ಕೆ ಕೊಟ್ಟರೆ ಆ ಕಾರಿಗೆ ಬಾಕಿ ಇರುವ ರೀಕಾಲ್ ಕೆಲಸ ಯಾವುದೆಂದು ಅವರು ನೋಡಿ ಹೇಳಬಲ್ಲರು, ಮತ್ತು ಆ ಕೆಲಸಕ್ಕೆ ಹಣ ಕೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿನ ವಿಷಯದಲ್ಲಿ ಕಂಪನಿಯ ಪತ್ರ ಹಿಂದಿನ ಮಾಲೀಕರ ವಿಳಾಸಕ್ಕೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ನಾವೇ ಕೇಳಬೇಕು.

ಶೋರೂಮಿನ ಕೊರತೆಯೂ ಅಷ್ಟೇ ಸ್ಪಷ್ಟವಾಗಿದೆ. ಅಲ್ಲಿ ಒಂದು ಭಾಗವನ್ನು ಸರಿಪಡಿಸುವುದಕ್ಕಿಂತ ಇಡೀ ಅಸೆಂಬ್ಲಿಯನ್ನು ಬದಲಿಸುವ ಪದ್ಧತಿ ಇದೆ, ಏಕೆಂದರೆ ತಾವು ಮಾಡಿದ ಕೆಲಸಕ್ಕೆ ಗ್ಯಾರಂಟಿ ಕೊಡಬೇಕಾದವರು ಅವರು. ವಾರಂಟಿಯೊಳಗಿನ ಹೊಸ ಕಾರಿಗೆ ಈ ಪದ್ಧತಿ ಸರಿ. ಹನ್ನೆರಡು ವರ್ಷದ ಕಾರಿಗೆ ಅದು ಕಾರಿನ ಮಾರುಕಟ್ಟೆ ಬೆಲೆಯ ಅರ್ಧದಷ್ಟು ಎಸ್ಟಿಮೇಟ್ ತಂದಿಡಬಹುದು. ದಿನವೂ ಹೊಸ ಮಾದರಿಗಳನ್ನೇ ಬಿಚ್ಚುವ ತರುಣ ತಂತ್ರಜ್ಞರಿಗೆ ಹಳೆಯ ಮಾದರಿಯ ಒಳಗುಟ್ಟು ತಿಳಿದಿರುತ್ತದೆ ಎಂಬ ಭರವಸೆಯೂ ಇಲ್ಲ.

ಶೋರೂಮಿನಲ್ಲಿ ಸರ್ವಿಸ್ ಅಡ್ವೈಸರ್ ಮುಂದೆ ಹೇಗೆ ಮಾತಾಡಬೇಕು ಎಂಬುದು ಮುಖ್ಯ. ‘ಬ್ರೇಕ್ ಡಿಸ್ಕ್ ಹೋಗಿದೆ, ಬದಲಿಸಿ’ ಎಂದರೆ ಅವರು ಡಿಸ್ಕ್ ಬದಲಿಸಿ ಬಿಲ್ ಕೊಡುತ್ತಾರೆ, ದೋಷ ಬೇರೆಡೆ ಇದ್ದರೆ ಹೊಣೆ ನಮ್ಮದಾಗುತ್ತದೆ. ‘80ರ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗುತ್ತದೆ, ಗಾಡಿ ಬಿಸಿಯಾದ ಮೇಲೆ ಹೆಚ್ಚು’ ಎಂದು ಲಕ್ಷಣವನ್ನಷ್ಟೇ ಹೇಳಿ, ಅದೇ ಮಾತು ಜಾಬ್ ಕಾರ್ಡಿನಲ್ಲಿ (ಮಾಡಬೇಕಾದ ಕೆಲಸಗಳನ್ನು ಬರೆದುಕೊಳ್ಳುವ ಚೀಟಿಯಲ್ಲಿ) ಬರೆಯಲ್ಪಟ್ಟಿದೆಯೇ ಎಂದು ಓದಿ ನೋಡಿದ ಮೇಲೆ ಸಹಿ ಹಾಕಬೇಕು. ಎಸ್ಟಿಮೇಟಿನ ಆಚೆಗೆ ಯಾವ ಕೆಲಸ ಮಾಡುವುದಿದ್ದರೂ ಮೊದಲು ತಿಳಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಬೇಕೆಂದು ಅದೇ ಕಾರ್ಡಿನಲ್ಲಿ ಬರೆಸಬೇಕು. ಬದಲಿಸಿದ ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿ ಇಡಲು ಹೇಳಬೇಕು. ದೋಷ ಪತ್ತೆ ಮಾಡಿದ ವರದಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಅದಕ್ಕೆ ನಾವು ಹಣ ಕೊಟ್ಟಿರುತ್ತೇವೆ, ಆದ್ದರಿಂದ ಸಂಕೋಚ ಬೇಕಿಲ್ಲ. ಆ ವರದಿ ಕೈಯಲ್ಲಿದ್ದರೆ, ರಿಪೇರಿಯನ್ನು ಅಲ್ಲೇ ಮಾಡಿಸಬೇಕೆಂಬ ಕಟ್ಟುಪಾಡು ಇಲ್ಲ. ಹಳೆಯ ಕಾರಿನವರು ಶೋರೂಮಿಗೆ ಕೊಡುವ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಈ ಪತ್ತೆಯ ಶುಲ್ಕವೇ ಎಂದು ನಾನು ನಂಬಿದ್ದೇನೆ.

ಸ್ವತಂತ್ರ ವರ್ಕ್‌ಶಾಪಿಗೆ ಯಾವಾಗ

ಎಂಜಿನ್ ಇಳಿಸುವ, ಗೇರ್‌ಬಾಕ್ಸ್ ಬಿಚ್ಚುವ, ಸಸ್ಪೆನ್ಶನ್ ಪೂರ್ತಿ ಹೊಸದು ಮಾಡುವ ಕೆಲಸಗಳು ಬಂದಾಗ ಎರಡನೆಯ ದಾರಿಯ ಬೆಲೆ ಗೊತ್ತಾಗುತ್ತದೆ. ಬಿಎಂಡಬ್ಲ್ಯು ಕಂಪನಿಯ ಎನ್47 ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಅದರ ಟೈಮಿಂಗ್ ಚೈನ್ ಎಂಜಿನ್ನಿನ ಮುಂಭಾಗದಲ್ಲಿ ಇರುವುದಿಲ್ಲ, ಗೇರ್‌ಬಾಕ್ಸ್ ಕಡೆಯ ಹಿಂಬದಿಯಲ್ಲಿದೆ. ಆದ್ದರಿಂದ ಚೈನ್ ಬದಲಿಸಬೇಕೆಂದರೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸದೆ ಗತಿಯಿಲ್ಲ. ಆರಂಭದ ವರ್ಷಗಳಲ್ಲಿ ಬಂದ ಈ ಎಂಜಿನ್ನುಗಳಲ್ಲಿ ಚೈನ್ ಸಡಿಲವಾಗುವ ದೂರು ಪ್ರಸಿದ್ಧ. ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ ಹಿಂಬದಿಯಿಂದ ಲೋಹ ಉಜ್ಜಿದಂಥ ಸದ್ದು ಕೇಳಿದರೆ ಕಾರನ್ನು ಓಡಿಸಿಕೊಂಡು ಹೈದರಾಬಾದಿಗೆ ಹೋಗಬಾರದು, ಕಾರನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯ ಮೇಲೆ ಕಳಿಸಬೇಕು. ದಾರಿಯಲ್ಲಿ ಚೈನ್ ಕಡಿದರೆ ಪಿಸ್ಟನ್ ಮತ್ತು ವಾಲ್ವ್ ಬಡಿದು ಎಂಜಿನ್ನೇ ಹೋಗುತ್ತದೆ. ಇದೇ ಎಂಜಿನ್ನನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಿದ ಕೈ ಸ್ವತಂತ್ರ ವರ್ಕ್‌ಶಾಪಿನಲ್ಲೇ ಸಿಗುವ ಸಂಭವ ಹೆಚ್ಚು.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯ ವಿಷಯವೂ ಹೀಗೆಯೇ. ಜೀವಮಾನಪೂರ್ತಿ ಬದಲಿಸಬೇಕಿಲ್ಲ ಎಂದು ಕಾರಿನ ಕಂಪನಿ ಹೇಳಿದರೂ, ಆ ಗೇರ್‌ಬಾಕ್ಸನ್ನು ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ನಡುವೆ ಅಥವಾ ಎಂಟು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲು ಸಲಹೆ ನೀಡುತ್ತದೆ. ಬಿಎಂಡಬ್ಲ್ಯು, ಜಾಗ್ವಾರ್ ಮತ್ತು ಆಡಿಯ ಹಲವು ಮಾದರಿಗಳಲ್ಲಿ ಇರುವುದು ಇದೇ ಕಂಪನಿಯ ಗೇರ್‌ಬಾಕ್ಸ್. ಎಣ್ಣೆಯ ಮಟ್ಟವನ್ನು ನಿಗದಿತ ತಾಪಮಾನದಲ್ಲಿ, ಎಂಜಿನ್ ಓಡುತ್ತಿರುವಾಗಲೇ ನೋಡಬೇಕಾದ್ದರಿಂದ ಊರಿನ ಗ್ಯಾರೇಜಿಗೆ ಇದನ್ನು ಬಿಡಬಾರದು.

ಬಿಡಿಭಾಗಗಳಲ್ಲಿ ಸ್ವತಂತ್ರ ವರ್ಕ್‌ಶಾಪ್ ಉಳಿಸಿಕೊಡುವ ಹಣ ದೊಡ್ಡದು. ಕಾರಿನ ಕಂಪನಿ ಎಲ್ಲ ಭಾಗಗಳನ್ನೂ ತಾನೇ ತಯಾರಿಸುವುದಿಲ್ಲ: ಬಾಷ್, ಝಾಕ್ಸ್, ಲೆಮ್‌ಫೋರ್ಡರ್, ಮಾನ್, ಮಾಲೆ, ಹೆಲ್ಲಾ ಮುಂತಾದವು ತಯಾರಿಸಿದ್ದನ್ನು ತನ್ನ ಡಬ್ಬಿಯಲ್ಲಿ ಹಾಕಿ ಮಾರುತ್ತದೆ. ಅದೇ ತಯಾರಕರ ಡಬ್ಬಿಯಲ್ಲಿ ಬಂದ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು) ಅಥವಾ ಫಿಲ್ಟರ್ ಹಾಕಿದರೆ ಗುಣಮಟ್ಟ ಕುಂದದೆ ಬೆಲೆ ಇಳಿಯುತ್ತದೆ. ಆದರೆ ಇದೇ ಮಾತಿನ ಮರೆಯಲ್ಲಿ ನಕಲಿ ಮಾಲು ಸಹ ನುಸುಳುತ್ತದೆ. ಆದ್ದರಿಂದ ಬಿಲ್ಲಿನಲ್ಲಿ ಪಾರ್ಟ್ ನಂಬರ್ ಇರಬೇಕು, ಡಬ್ಬಿಯನ್ನು ನಮ್ಮ ಕಣ್ಣೆದುರು ಒಡೆಯಬೇಕು. ಕಚ್ಚಾ ಚೀಟಿಯಲ್ಲಿ ಒಟ್ಟು ಮೊತ್ತ ಬರೆದುಕೊಡುವ ವರ್ಕ್‌ಶಾಪ್ ಎಷ್ಟೇ ಹೆಸರು ಮಾಡಿದ್ದರೂ ನಾನು ಅಲ್ಲಿಗೆ ಯಾರನ್ನೂ ಕಳಿಸುವುದಿಲ್ಲ. ನಿಮ್ಮ ಮಾದರಿಯದೇ ಕಾರುಗಳು ಅವರ ಅಂಗಳದಲ್ಲಿ ನಿಂತಿವೆಯೇ, ಅವುಗಳಲ್ಲಿ ಧೂಳು ಹಿಡಿದು ಚಕ್ರ ಇಳಿದವು ಎಷ್ಟು ಎಂಬುದನ್ನು ಒಳಗೆ ಹೋದ ಕೂಡಲೇ ನೋಡಿ.

ಊರಿನ ಗ್ಯಾರೇಜಿಗೆ ಏನು ಕೊಡಬಹುದು

ಸೇಡಂ ರಸ್ತೆಯಲ್ಲೋ ಹುಮನಾಬಾದ್ ರಸ್ತೆಯಲ್ಲೋ ಇರುವ ಒಳ್ಳೆಯ ಗ್ಯಾರೇಜಿನ ಮಿಸ್ತ್ರಿ ನುರಿತ ಕೆಲಸಗಾರರಾಗಿರುತ್ತಾರೆ. ಕೊರತೆ ಇರುವುದು ಮಾಹಿತಿಯಲ್ಲಿ. ಆ ಮಾಹಿತಿಯನ್ನು ಮಾಲೀಕರು ಒದಗಿಸಿದರೆ ಎಂಜಿನ್ ಆಯಿಲ್, ಫಿಲ್ಟರ್‌ಗಳು, ಬ್ರೇಕ್ ಪ್ಯಾಡ್, ಬುಷ್, ಬ್ಯಾಟರಿ, ಎಸಿ ಗ್ಯಾಸ್, ಟೈರ್ ಇವೆಲ್ಲವೂ ಊರಿನಲ್ಲೇ ಆಗುವ ಕೆಲಸಗಳು.

ಆಯಿಲ್ ಕ್ಯಾನಿನ ಮೇಲೆ ದೊಡ್ಡದಾಗಿ ಬರೆದ 5ಡಬ್ಲ್ಯು-30 ಎಂಬ ಮಂದತೆಯ ದರ್ಜೆಯನ್ನು ನೋಡಿದರೆ ಸಾಲದು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಅನುಮೋದನೆಯ ಸಂಖ್ಯೆ ಮುಖ್ಯ: ಮರ್ಸಿಡಿಸ್‌ಗೆ ಎಂಬಿ 229.5 ಅಥವಾ 229.51, ಬಿಎಂಡಬ್ಲ್ಯುಗೆ ಲಾಂಗ್‌ಲೈಫ್-04, ಆಡಿ ಡೀಸೆಲ್‌ಗೆ ವಿಡಬ್ಲ್ಯು 507 00 ಎಂಬಂತೆ, ನಿಮ್ಮ ಮಾದರಿಯ ಕೈಪಿಡಿಯಲ್ಲಿ ಇರುವುದು ಯಾವುದೋ ಅದೇ ಬೇಕು. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇರುವ ಡೀಸೆಲ್ ಕಾರಿಗೆ ಬೇರೆ ಆಯಿಲ್ ಹಾಕಿದರೆ, ಅದು ಉರಿದು ಉಳಿಯುವ ಬೂದಿ ಆ ಫಿಲ್ಟರಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಕಂಪನಿ ಹೇಳುವ ಅಂತರ ಎಷ್ಟೇ ಇರಲಿ, ನಮ್ಮ ಬಿಸಿಲಿಗೂ ಧೂಳಿಗೂ ವರ್ಷಕ್ಕೊಮ್ಮೆ ಅಥವಾ 8ರಿಂದ 10 ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸುವುದು ಒಳ್ಳೆಯದು. ವಾಡಿ, ಶಹಾಬಾದ್, ಮಳಖೇಡ, ಸೇಡಂ ಕಡೆ ದಿನವೂ ಓಡಾಡುವವರು ಏರ್ ಫಿಲ್ಟರನ್ನು ಇನ್ನೂ ಬೇಗ ತೆಗೆದು ನೋಡಬೇಕು. ಸಿಮೆಂಟ್ ಕಾರ್ಖಾನೆಗಳ ಮತ್ತು ಕಲ್ಲಿನ ಗಣಿಗಳ ಧೂಳು ಕೈಪಿಡಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟ್ ವಿಷಯದಲ್ಲಿ ಊರಿನ ಗ್ಯಾರೇಜಿನ ಮೇಲೆ ಕಣ್ಣಿಡಲೇಬೇಕು. ನಮ್ಮದು ಸುಣ್ಣಕಲ್ಲಿನ ನೆಲ, ಬೋರ್‌ವೆಲ್ ನೀರು ಗಡಸು. ರೇಡಿಯೇಟರಿಗೆ ನಲ್ಲಿ ತಿರುಗಿಸಿ ನೀರು ಹಾಕುವ ರೂಢಿ ಟ್ರ್ಯಾಕ್ಟರಿಗೆ ನಡೆದೀತು. ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್ನಿನ ಸಣ್ಣ ಸಣ್ಣ ದಾರಿಗಳಲ್ಲಿ ಆ ಸುಣ್ಣ ಕಟ್ಟಿಕೊಂಡರೆ ಬಿಸಿ ಹೊರಹೋಗುವುದಿಲ್ಲ. ಕೈಪಿಡಿ ಹೇಳಿದ ಕೂಲಂಟ್, ಡಿಸ್ಟಿಲ್ಡ್ ವಾಟರ್ ಎರಡನ್ನೂ ಮನೆಯಿಂದಲೇ ಒಯ್ಯಬೇಕು. ಹತ್ತು ವರ್ಷದ ಶಾಖಕ್ಕೆ ಪ್ಲಾಸ್ಟಿಕ್ಕಿನ ಎಕ್ಸ್‌ಪಾನ್ಶನ್ ಟ್ಯಾಂಕ್, ಥರ್ಮೋಸ್ಟಾಟ್ ಹೌಸಿಂಗ್, ಹೋಸಿನ ತುದಿಗಳು ಗರಿಗರಿಯಾಗಿ ಬಿರುಕು ಬಿಡುತ್ತವೆ. ಅವು ಒಡೆಯುವವರೆಗೆ ಕಾಯದೆ ಬೇಸಿಗೆಗೆ ಮೊದಲೇ ಬದಲಿಸುವುದು ಹಳೆಯ ಕಾರಿಗೆ ಮಾಡಬಹುದಾದ ದೊಡ್ಡ ಉಪಕಾರ. ಉಷ್ಣದ ಮುಳ್ಳು ಏರಿದರೆ ಮುಂದಿನ ಊರಿನವರೆಗೆ ಎಳೆದುಕೊಂಡು ಹೋಗುವ ಯೋಚನೆಯೇ ಬೇಡ, ಅಲ್ಲೇ ನಿಲ್ಲಿಸಬೇಕು.

ಮಿಸ್ತ್ರಿಗೆ ಮೊದಲೇ ಹೇಳಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಬಿಎಂಡಬ್ಲ್ಯು, ಆಡಿ ಕಾರುಗಳಲ್ಲಿ ಹೊಸ ಬ್ಯಾಟರಿ ಕೂರಿಸಿದ ಮೇಲೆ ಅದನ್ನು ಸ್ಕ್ಯಾನರ್ ಮೂಲಕ ನೋಂದಾಯಿಸಬೇಕು. ಇಲ್ಲದಿದ್ದರೆ ಹಳೆಯ ಬ್ಯಾಟರಿಗೆ ಕೊಡುತ್ತಿದ್ದ ರೀತಿಯಲ್ಲೇ ಚಾರ್ಜ್ ಆಗಿ ಹೊಸದು ಬೇಗ ಹಾಳಾಗುತ್ತದೆ. ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಹಿಂದಿನ ಪ್ಯಾಡ್ ಬದಲಿಸುವ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು. 2000ದ ದಶಕದ ಮೊದಲರ್ಧದ ಕೆಲವು ಬೆಂಜ್ ಇ-ಕ್ಲಾಸ್ ಕಾರುಗಳಲ್ಲಿ ಎಸ್‌ಬಿಸಿ ಎಂಬ ಎಲೆಕ್ಟ್ರಾನಿಕ್ ಬ್ರೇಕ್ ಇದೆ. ಅದನ್ನು ನಿಷ್ಕ್ರಿಯಗೊಳಿಸದೆ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಬಿಚ್ಚಿದರೆ ವ್ಯವಸ್ಥೆ ತಾನಾಗಿ ಒತ್ತಡ ಕಟ್ಟಿ ಬೆರಳು ಜಜ್ಜುತ್ತದೆ. ಇದು ಕಾರಿನ ಹಾನಿಯ ಮಾತಲ್ಲ, ಕೆಲಸ ಮಾಡುವವರ ಕೈಯ ಮಾತು.

ಒಂದೇ ದೋಷ, ಮೂರು ಉತ್ತರ

ನಮ್ಮಲ್ಲಿ ಬಹಳ ಜನ ಎದುರಿಸುವ ಏರ್ ಸಸ್ಪೆನ್ಶನ್ (ಸ್ಪ್ರಿಂಗ್ ಬದಲು ಗಾಳಿಚೀಲಗಳ ಮೇಲೆ ಕಾರನ್ನು ನಿಲ್ಲಿಸುವ ವ್ಯವಸ್ಥೆ) ದೋಷವನ್ನು ನೋಡಿದರೆ ಮೂರು ದಾರಿಗಳ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಮುಂದಿನ ಎಡ ಮೂಲೆ ಕುಸಿದಿರುತ್ತದೆ; ಚಾಲೂ ಮಾಡಿದರೆ ಕಂಪ್ರೆಸರ್ ಗುರುಗುಟ್ಟಿ ನಿಧಾನವಾಗಿ ಮೇಲೇಳುತ್ತದೆ. ರಬ್ಬರಿನ ಗಾಳಿಚೀಲ ಒಣಗಿ ಮಡಿಕೆಯಲ್ಲಿ ಬಿರಿದಿರುವುದು ಸಾಮಾನ್ಯ ಕಾರಣ. ಶೋರೂಮ್ ಸ್ಟ್ರಟ್ (ಗಾಳಿಚೀಲ ಸೇರಿದ ಇಡೀ ಶಾಕ್ ಅಬ್ಸಾರ್ಬರ್) ಮತ್ತು ಕಂಪ್ರೆಸರ್ ಎರಡನ್ನೂ ಬದಲಿಸಲು ಹೇಳಬಹುದು. ಊರಿನ ಗ್ಯಾರೇಜ್ ಸ್ಪ್ರಿಂಗ್ ಹಾಕಿ ಏರ್ ಸಸ್ಪೆನ್ಶನ್ನನ್ನೇ ತೆಗೆಯೋಣ ಎನ್ನಬಹುದು. ಎರಡಕ್ಕೂ ಒಪ್ಪುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸಂಜೆ ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ಬರೆದಿಡಿ. ಬೆಳಿಗ್ಗೆ ಚಾಲೂ ಮಾಡುವ ಮೊದಲು ಮತ್ತೆ ಅಳೆಯಿರಿ. ಒಂದೇ ಮೂಲೆ ಇಳಿದಿದ್ದರೆ, ಗಾಡಿ ಎತ್ತರಕ್ಕೆ ಬಂದ ಮೇಲೆ ಸಾಬೂನು ನೀರನ್ನು ಸ್ಪ್ರೇ ಬಾಟಲಿಯಿಂದ ಆ ಗಾಳಿಚೀಲದ ಮಡಿಕೆಗೂ ಮೇಲಿನ ಪೈಪಿನ ಜೋಡಣೆಗೂ ಸಿಂಪಡಿಸಿ. ಕಾರಿನ ಕೆಳಗೆ ಮಾತ್ರ ತಲೆ ಹಾಕಬಾರದು, ಗಾಳಿ ಇಳಿದರೆ ಅದು ಕುಸಿಯುತ್ತದೆ. ಮಡಿಕೆಯಲ್ಲಿ ನೊರೆ ಗುಳ್ಳೆಯಾಗಿ ಉಬ್ಬಿದರೆ ಚೀಲವೇ ಹೋಗಿದೆ; ಜೋಡಣೆಯಲ್ಲಿ ಉಬ್ಬಿದರೆ ಸಣ್ಣ ಫಿಟ್ಟಿಂಗ್ ಸಾಕು. ನಾಲ್ಕೂ ಮೂಲೆ ಗಟ್ಟಿಯಾಗಿದ್ದು ಗಾಡಿ ಮೇಲೇಳುವುದೇ ನಿಧಾನವಾದರೆ ಅನುಮಾನ ಕಂಪ್ರೆಸರಿನ ಮೇಲೆ. ಸೋರುವ ಚೀಲದೊಂದಿಗೆ ತಿಂಗಳುಗಟ್ಟಲೆ ಓಡಿಸಿದವರ ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಸುಟ್ಟಿರುವುದೂ ಉಂಟು, ಆಗ ಶೋರೂಮಿನ ಮಾತೇ ಸರಿ. ಈ ಪರೀಕ್ಷೆಯ ಫೋಟೊಗಳೊಂದಿಗೆ ಸ್ವತಂತ್ರ ವರ್ಕ್‌ಶಾಪಿಗೆ ಹೋದರೆ ಚೀಲ ಒಂದನ್ನೇ ಬದಲಿಸುವ ಮಾತು ನಡೆಯುತ್ತದೆ.

ವಿಮೆ ಮತ್ತು ದೂರು

ಅಪಘಾತದ ರಿಪೇರಿಗೆ ಲೆಕ್ಕವೇ ಬೇರೆ. ಸಾಮಾನ್ಯ ವಿಮಾ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳು, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ ಶೇ. 50 ಸವಕಳಿ (ಹಳತಾದದ್ದಕ್ಕೆ ಬೆಲೆ ಕಡಿತ) ಕಳೆಯುತ್ತಾರೆ. ಲೋಹದ ಭಾಗಗಳಿಗೆ ಕಾರಿನ ವಯಸ್ಸು 5ರಿಂದ 10 ವರ್ಷವಾಗಿದ್ದರೆ ಶೇ. 40, ಹತ್ತು ದಾಟಿದ್ದರೆ ಶೇ. 50. ಗಾಜಿಗೆ ಸವಕಳಿ ಇಲ್ಲ. ಸವಕಳಿ ಕಳೆಯದ ಹೆಚ್ಚುವರಿ ರಕ್ಷಣೆ ಹಳೆಯ ಕಾರಿಗೆ ಸಿಗುವುದು ಕಷ್ಟ. ಹೀಗಾಗಿ ಶೋರೂಮಿನ ಬಿಲ್ಲಿನ ಸುಮಾರು ಅರ್ಧ ನಮ್ಮ ಜೇಬಿನಿಂದಲೇ ಹೋಗಬಹುದು. ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಬೆಲೆಯ ಶೇ. 75ನ್ನು ರಿಪೇರಿಯ ವೆಚ್ಚ ಮೀರಿದರೆ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ ಎಂಬುದನ್ನೂ ನೆನಪಿಟ್ಟು, ಆ ಬೆಲೆಯನ್ನು ತೀರಾ ಕಡಿಮೆ ಬರೆಸಬಾರದು.

ಕೆಲಸ ಕೆಟ್ಟರೆ, ಮಾಡದ ಕೆಲಸಕ್ಕೆ ಬಿಲ್ ಬಂದರೆ, ಹೈದರಾಬಾದಿನವರ ಮೇಲೆ ದೂರು ಕೊಡಲು ಹೈದರಾಬಾದಿಗೇ ಅಲೆಯಬೇಕು ಎಂದುಕೊಂಡು ಬಹಳ ಜನ ಸುಮ್ಮನಾಗುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಘಟನೆ ನಡೆದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು ಕಾರಿನ ಕಂಪನಿಯ ಗ್ರಾಹಕ ವಿಭಾಗಕ್ಕೆ ಇ-ಮೇಲ್ ಬರೆಯುವುದು, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸುವುದು ಒಳ್ಳೆಯ ಕ್ರಮ. ಅನೇಕ ವಿವಾದಗಳು ಅಲ್ಲೇ ಬಗೆಹರಿಯುತ್ತವೆ. ಜಾಬ್ ಕಾರ್ಡ್, ಎಸ್ಟಿಮೇಟ್, ಪಾರ್ಟ್ ನಂಬರ್ ಇರುವ ಬಿಲ್ ಇವುಗಳನ್ನು ಜೋಪಾನ ಮಾಡಿದವರಿಗೆ ಮಾತ್ರ ಈ ದಾರಿ ತೆರೆದಿರುತ್ತದೆ.

ಯಾವ ಊರಿನವರಿಗೆ ಯಾವುದು

ಬೀದರಿನವರಿಗೆ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಬೆಳಿಗ್ಗೆ ಹೊರಟು ಸಂಜೆ ಮರಳಬಹುದು. ಅವರು ವರ್ಷದ ಸರ್ವಿಸ್‌ಗೂ ಸ್ವತಂತ್ರ ವರ್ಕ್‌ಶಾಪನ್ನೇ ನೆಚ್ಚಿಕೊಳ್ಳುವುದು ಸರಿಯಾದೀತು, ಊರಿನ ಗ್ಯಾರೇಜಿಗೆ ಟೈರ್, ಬ್ಯಾಟರಿ ಬಿಟ್ಟರೆ ಸಾಕು. ಕಲಬುರಗಿ ಮತ್ತು ಯಾದಗಿರಿಯವರಿಗೆ ಒಂದು ರಾತ್ರಿಯ ವಾಸ, ಚಾಲಕರ ಖರ್ಚು, ಕಾರು ಇಲ್ಲದ ದಿನಗಳ ಓಡಾಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅವರು ಊರಿನಲ್ಲಿ ಒಬ್ಬ ಒಳ್ಳೆಯ ಮಿಸ್ತ್ರಿಯನ್ನು ಹಿಡಿದುಕೊಂಡು, ವರ್ಷಕ್ಕೊಮ್ಮೆ, ಫೆಬ್ರವರಿ ಹೊತ್ತಿಗೆ, ಬಿಸಿಲು ಏರುವ ಮೊದಲು ಶೋರೂಮಿನಲ್ಲಿ ಪೂರ್ತಿ ತಪಾಸಣೆ ಮಾಡಿಸಿ ವರದಿ ತರುವುದು ಲೇಸು. ಆ ವರದಿಯಲ್ಲಿ ಬ್ರೇಕ್, ಸ್ಟೇರಿಂಗ್, ಕೂಲಂಟ್, ಇಂಧನದ ಪೈಪುಗಳಿಗೆ ಸಂಬಂಧಿಸಿದ ಕೆಲಸಗಳನ್ನು ಕೂಡಲೇ ಮಾಡಿಸಬೇಕು. ಬಾಗಿಲಿನ ಮೋಟಾರು, ಸನ್‌ರೂಫ್, ಸೀಟಿನ ಸದ್ದುಗಳು ಕಾಯಬಹುದು. ಹಳೆಯ ಪೆಟ್ರೋಲ್ ಕಾರಿನವರು ಇಂಧನದ ಹೋಸುಗಳನ್ನು ವಿಶೇಷವಾಗಿ ನೋಡಿಸಬೇಕು, ಏಕೆಂದರೆ ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ಹಳೆಯ ರಬ್ಬರನ್ನು ಅದಕ್ಕೆಂದು ತಯಾರಿಸಿರಲಿಲ್ಲ.

ಕಾರಿಗೆ 15 ವರ್ಷ ಹತ್ತಿರ ಬಂದಿದ್ದರೆ ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಒ ಲೆಕ್ಕವನ್ನೂ ಮಾಡಿ. ನಮ್ಮ ದೇಶದಲ್ಲೇ ಜೋಡಿಸಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಶುಲ್ಕವಿದೆ, ನವೀಕರಣ ಸಿಗುವುದು ಐದು ವರ್ಷಕ್ಕೆ. ಆ ಐದು ವರ್ಷ ಓಡಿಸುವ ಮನಸ್ಸಿದ್ದರೆ ಮಾತ್ರ ಗೇರ್‌ಬಾಕ್ಸ್ ಅಥವಾ ಚೈನ್ ಕೆಲಸಕ್ಕೆ ಹಣ ಹಾಕಿ. ಆರು ತಿಂಗಳಲ್ಲಿ ಮಾರುವ ಯೋಚನೆ ಇದ್ದರೆ ದೋಷವನ್ನು ಕೊಳ್ಳುವವರಿಗೆ ತಿಳಿಸಿ, ಶೋರೂಮಿನ ವರದಿಯನ್ನೂ ಅವರ ಕೈಗಿತ್ತು, ಬೆಲೆಯಲ್ಲಿ ಬಿಟ್ಟುಕೊಡಿ.